ಪದ ಬೇಕು: ವಿಮಾನ ವಾಪಸ್ ತಿರುಗಲು ಆಗದ ಜಾಗಕ್ಕೆ ಏನನ್ನೋಣ?

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು, ಅದಕ್ಕೇ ಈ ಅವಸರ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಬೋರ್ಡ್ ಮಾಡುತ್ತಿದ್ದೇವೆ. ಚಿಕ್ಕ ವಿಮಾನದಲ್ಲಿ ಒಬ್ಬರೇ ದೇಶ ದಾಟಿ ಹೋಗಬೇಕಾದರೆ ಏನೇನು ತಯಾರಿ ಬೇಕು ಅನ್ನುವುದು ವಿಷಯ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಮಕ್ಕಳಿಗೆ ವಿಮಾನ ಅಂದ್ರೆ ಜೀವ.

ಬೋರ್ಡಿನಲ್ಲಿ ಇಬ್ಬರ ಚಿತ್ರ ಇದೆ. 1964ರಲ್ಲಿ ಸೆಸ್ನಾ 180 ವಿಮಾನದಲ್ಲಿ ಒಬ್ಬರೇ ಪ್ರಪಂಚ ಸುತ್ತಿದ ಮೊದಲ ಮಹಿಳೆ ಜೆರ್ರಿ ಮಾಕ್. 2019ರಲ್ಲಿ ಪುಟ್ಟ ಹಗುರ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿದ ಮುಂಬೈನ ಆರೋಹಿ ಪಂಡಿತ್.

ಸಿಕ್ಕಿಕೊಂಡಿರುವುದು ನಾಲ್ಕು ಕಡೆ. ಸೋಲೋ ಫ್ಲೈಟ್, ಫೆರ್ರಿ ಟ್ಯಾಂಕ್, ಪಾಯಿಂಟ್ ಆಫ್ ನೋ ರಿಟರ್ನ್, ಈಕ್ವಲ್ ಟೈಮ್ ಪಾಯಿಂಟ್. ಮೂರನೆಯದಕ್ಕೆ ಸದ್ಯ "ಮರಳಲಾಗದ ಬಿಂದು" ಅಂತ ಇಟ್ಟಿದ್ದೇನೆ. ಆರನೇ ಕ್ಲಾಸಿನ ಮಕ್ಕಳಿಗೆ ಓದಿದ ಕೂಡಲೇ ಹೊಳೆಯಬೇಕು. ದಯವಿಟ್ಟು ಬೇಗ ಹೇಳಿ.

ಸಾಗರದಿಂದ

ಬಿಂದು ಬೇಡ. ಎಲ್ಲೆ ಅನ್ನಿ. "ಹಿಂತಿರುಗೆಲ್ಲೆ". ಸೋಲೋಗೆ "ಒಂಟಿ ಹಾರಾಟ". ಒಂಟಿ ಅನ್ನುವುದು "ಒಂದು" ಅನ್ನುವ ಬೇರಿನಿಂದಲೇ ಬಂದ ಅಚ್ಚಗನ್ನಡ. ಇದಕ್ಕೂ ಒಂಟೆಗೂ ನಂಟು ಕಟ್ಟುವವರಿದ್ದಾರೆ, ಅದನ್ನು ನಂಬಬೇಡಿ. ಒಂಟೆ ಸಂಸ್ಕೃತದ ಉಷ್ಟ್ರದಿಂದ ಬಂದದ್ದು.

ಬೋರ್ಡಿನಲ್ಲಿ "ವಿಮಾನ" ಯಾಕೆ ಇರಬೇಕು ಅನ್ನುವುದೂ ನನ್ನ ಪ್ರಶ್ನೆ. ಅದರೊಳಗಿರುವುದು ಅಳೆಯುವುದು ಅನ್ನುವ ಅರ್ಥದ "ಮಾ" ಧಾತು. ದೇವಸ್ಥಾನದ ಗರ್ಭಗುಡಿಯ ಮೇಲಿನ ಗೋಪುರಕ್ಕೂ ಇದೇ ಹೆಸರು. ಬಾನೋಡ ಅಂತ ಚೆಂದದ ಪದ ಇದೆ. ಮಕ್ಕಳಿಗೆ ಅದನ್ನೇ ಕಲಿಸಿ.

ತೀರ್ಥಹಳ್ಳಿಯಿಂದ

ಟೀಚರ್ ಕೇಳಿದ್ದು ನಾಲ್ಕು ಪದ ಮಾರಾಯ್ರೇ. ವಿಮಾನವನ್ನು ಯಾರೂ ಕೇಳಿಲ್ಲ.

"ಒಂಟಿ" ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ಒಂಟಿ ಅಂದರೆ ಮೊದಲು ನೆನಪಾಗುವುದು ಹಿಂಡು ಬಿಟ್ಟು ತೋಟಕ್ಕೆ ನುಗ್ಗುವ ಸಲಗ. ಇನ್ನೊಂದು, ಯಾರೂ ಇಲ್ಲದವರು. "ಏಕಾಂಗಿ" ಕೂಡ ಹಾಗೇ, ಒಂದು ಥರ ಅಳು ಇದೆ ಅದರಲ್ಲಿ. ಆರೋಹಿ ದಿಕ್ಕಿಲ್ಲದೆ ಹೋದವಳಲ್ಲ. ನೆಲದ ಮೇಲೆ ಹವಾಮಾನ ನೋಡುವವರು, ಪರ್ಮಿಟ್ ಮಾಡಿಸುವವರು ಎಲ್ಲ ಇರುತ್ತಾರೆ. ವಿಮಾನದೊಳಗೆ ಮಾತ್ರ ಒಬ್ಬಳು. "ಒಬ್ಬರೇ ಹಾರುವುದು" ಅಂತ ಬರೆಯಿರಿ, ಸಾಕು. ಎಲ್ಲದಕ್ಕೂ ಎರಡೇ ಪದದ ನಾಮಪದ ಇರಬೇಕು ಅಂತ ಯಾರು ಹೇಳಿದ್ದು?

ಫೆರ್ರಿ ಟ್ಯಾಂಕಿಗೆ ದಯವಿಟ್ಟು "ದೋಣಿ ಟ್ಯಾಂಕ್" ಅಂತ ಯಾರೂ ಹೇಳಬೇಡಿ. ಒಂದು ಅನುವಾದದಲ್ಲಿ ಹಾಗೇ ಓದಿ ಬೇಜಾರಾಗಿದೆ. ಹೊಸ ವಿಮಾನವನ್ನು ಕೊಂಡವರ ಊರಿಗೆ ಹಾರಿಸಿಕೊಂಡು ಹೋಗಿ ತಲುಪಿಸುವುದಕ್ಕೆ ಫೆರ್ರಿ ಅನ್ನುತ್ತಾರೆ. ಆ ದೂರಕ್ಕೆ ಅಂತ ಹಾಕುವ ಹೆಚ್ಚಿನ ಟ್ಯಾಂಕ್ ಇದು. ಸಿಗಂದೂರು ಲಾಂಚಿಗೂ ಇದಕ್ಕೂ ಸಂಬಂಧ ಇಲ್ಲ.

ಹೊಸನಗರದಿಂದ

ನಾನು ಸ್ವಲ್ಪ ಹಾರಾಟ ಕಲಿತವನು, ಅದಕ್ಕೆ ಪದಕ್ಕಿಂತ ಮೊದಲು ಲೆಕ್ಕ ಹೇಳುತ್ತೇನೆ. ಲೆಕ್ಕ ಗೊತ್ತಿಲ್ಲದೆ ಕೊನೆಯ ಎರಡು ಪದ ಕಟ್ಟಿದರೆ ತಪ್ಪಾಗುತ್ತದೆ. ಪಾಯಿಂಟ್ ಆಫ್ ನೋ ರಿಟರ್ನ್ ಅನ್ನುವುದನ್ನು ಪೇಪರಿನಲ್ಲಿ "ಇನ್ನು ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ" ಅನ್ನುವ ವೀರಾವೇಶದಲ್ಲಿ ಬಳಸುತ್ತಾರಲ್ಲ, ಅದಲ್ಲ ಇದು. ಇದು ಪೂರ್ತಿ ಪೆಟ್ರೋಲಿನ ಲೆಕ್ಕ.

ಅಹಮದಾಬಾದಿನಿಂದ ಮಸ್ಕತ್‌ಗೆ ಸುಮಾರು 800 ನಾಟಿಕಲ್ ಮೈಲಿ. ದೇಶ ಬಿಡುವಾಗ ಕಸ್ಟಮ್ಸ್, ಇಮಿಗ್ರೇಷನ್ ಇರುವ ನಿಲ್ದಾಣದಿಂದಲೇ ಹೊರಡಬೇಕು, ಅದಕ್ಕೆ ಅಹಮದಾಬಾದ್ ತಗೊಂಡೆ. ವಿಮಾನದ ವೇಗ ಗಂಟೆಗೆ 120 ಮೈಲಿ ಇರಲಿ. ಎದುರುಗಾಳಿ 20. ಹಾಗಾದರೆ ಹೋಗುವಾಗ ಸಿಗುವುದು 100, ವಾಪಸ್ ಬರುವಾಗ 140. ಮೀಸಲು ಬಿಟ್ಟು 12 ಗಂಟೆಯ ಪೆಟ್ರೋಲ್ ಇದೆ ಅನ್ನಿ.

7 ಗಂಟೆ ಮುಂದೆ ಹೋದರೆ 700 ಮೈಲಿ. ಅಲ್ಲಿಂದ ತಿರುಗಿದರೆ 5 ಗಂಟೆಯಲ್ಲಿ ಮನೆ. ಒಟ್ಟು 12. ಇನ್ನೊಂದು ಮೈಲಿ ಮುಂದೆ ಹೋದರೂ ವಾಪಸ್ ಬರಲು ಮೀಸಲಿಗೆ ಕೈ ಹಾಕಬೇಕು. ಇದು ಟೀಚರ್ ಕೇಳಿದ ಮೂರನೇ ಪದ.

ನಾಲ್ಕನೆಯದೇ ಬೇರೆ. ಸಮುದ್ರದ ಮೇಲೆ ಎಂಜಿನ್ ಸದ್ದು ಬದಲಾಯಿತು ಅಂದುಕೊಳ್ಳಿ. ಮುಂದೆ ಹೋಗುವುದು ಬೇಗವೋ, ಹಿಂದೆ ಬರುವುದು ಬೇಗವೋ? 467 ಮೈಲಿಯ ಹತ್ತಿರ ಎರಡೂ ಒಂದೇ, ಆ ಕಡೆಗೂ 3 ಗಂಟೆ 20 ನಿಮಿಷ, ಈ ಕಡೆಗೂ ಅಷ್ಟೇ. ಇದು ಪೆಟ್ರೋಲ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿಲ್ಲ, ಗಾಳಿಯ ಮೇಲೆ ನಿಂತಿದೆ. ನಡುದಾರಿ 400ರಲ್ಲಿದೆ, ಇದು ಅದನ್ನು ದಾಟಿ ಇದೆ. ಹಾಗಾಗಿ "ನಡುದಾರಿ", "ಅರೆದಾರಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನೈರುತ್ಯ ಮಳೆಗಾಲದಲ್ಲಿ ಆ ಎದುರುಗಾಳಿ ಇನ್ನೂ ಜಾಸ್ತಿ ಆಗುತ್ತದೆ, ಜಾಗವೂ ಇನ್ನೂ ಮುಂದಕ್ಕೆ ಸರಿಯುತ್ತದೆ.

"ಮರಳಲಾಗದ ಬಿಂದು" ಬಗ್ಗೆ: ಮಕ್ಕಳು ಅದನ್ನು ಹೊಳೆಯ ಮರಳು ಅಂತಲೇ ಓದುತ್ತಾರೆ. ಬಿಂದು ಅಂದರೆ ಹನಿಯೂ ಹೌದು.

ಸಾಗರದಿಂದ

ಲೆಕ್ಕ ಚೆನ್ನಾಗಿದೆ. ಹಾಗಾದರೆ ನಾಲ್ಕನೆಯದಕ್ಕೆ "ಸರಿಹೊತ್ತಿನ ಎಡೆ".

ತೀರ್ಥಹಳ್ಳಿಯಿಂದ

ಸರಿಹೊತ್ತು ಅಂದರೆ ನಡುರಾತ್ರಿ. ಆಗೋದಿಲ್ಲ.

ಭದ್ರಾವತಿಯಿಂದ

"ವಾಪಸ್ ಬರುವ ಎಲ್ಲೆ", "ಸಮ ಹೊತ್ತಿನ ಜಾಗ". ಇವೆರಡು ನೋಡಿ. ಬೋರ್ಡಿನಲ್ಲಿ ಒಂದು ಗೆರೆ ಎಳೆದು ತೋರಿಸಿದರೆ ಮಕ್ಕಳಿಗೆ ವಿವರಣೆಯೇ ಬೇಡ.

ಸಾಗರದಿಂದ

ವಾಪಸ್ ಪಾರ್ಸಿ. ಜಾಗವೂ ಪಾರ್ಸಿಯಿಂದಲೇ ಬಂದದ್ದು. ಸಮ ಸಂಸ್ಕೃತ, ಹೊತ್ತು ಕನ್ನಡ. ಶಾಲೆಯ ಬೋರ್ಡಿನ ಮೇಲೆ ಇಂಥ ಅರಿಸಮಾಸ ಹಾಕಿದರೆ ಮಕ್ಕಳು ಏನು ಕಲಿಯುತ್ತಾರೆ? ಒಂದೊಂದೇ ಪದ ಬಿಟ್ಟುಕೊಡುತ್ತಾ ಬಂದರೆ ನಾಳೆ ಕ್ರಿಯಾಪದ ಮಾತ್ರ ಕನ್ನಡ ಉಳಿಯುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಭದ್ರಾವತಿಯಿಂದ

"ಮಳೆಗಾಲ"ವೂ ಅರಿಸಮಾಸವೇ. ಮಳೆ ಕನ್ನಡ, ಕಾಲ ಸಂಸ್ಕೃತ. ಮಲೆನಾಡಿನಲ್ಲಿ ಕೂತು ಆ ಪದ ಬಿಡುತ್ತೀರಾ? ನಿಮ್ಮ ಊರಿನ ಹೆಸರನ್ನು ಏನು ಮಾಡುತ್ತೀರಿ?

ಹೊರಗಿನಿಂದ ಬಂದದ್ದನ್ನು ನಮ್ಮ ಹಿರಿಯರು ಒಳಗೆ ಕರೆದುಕೊಂಡ ರೀತಿ ನೋಡಿ. ಸೀಮೆಸುಣ್ಣ, ಸೀಮೆಬದನೆ, ಸೀಮೆಎಣ್ಣೆ. ಪರದೇಶದ್ದು ಅಂತ ಹಣೆಪಟ್ಟಿ ಕಟ್ಟಿ ಅಡುಗೆಮನೆಗೇ ಬಿಟ್ಟುಕೊಂಡರು. ಯಾರಿಗೂ ಕನ್ನಡ ಸತ್ತಿತು ಅನ್ನಿಸಲಿಲ್ಲ. ಇದೇ ಎಣ್ಣೆ ಬೋರ್ಡಿಗೂ ಬೇಕಾಗುತ್ತದೆ ಟೀಚರ್. ದೊಡ್ಡ ಜೆಟ್ ವಿಮಾನಕ್ಕೆ ಹಾಕುವುದು ಸೀಮೆಎಣ್ಣೆ ಜಾತಿಯ ಇಂಧನ. ಸೆಸ್ನಾದಂಥ ಪಿಸ್ಟನ್ ಎಂಜಿನ್ನಿಗೆ ಬೇಕಾದ್ದು ಆವ್‌ಗ್ಯಾಸ್, ಅದು ಪೆಟ್ರೋಲ್ ಜಾತಿ. ಎರಡನ್ನೂ "ವಿಮಾನದ ಇಂಧನ" ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಅಸಲು ಕಷ್ಟವೇ ಮುಚ್ಚಿಹೋಗುತ್ತದೆ.

ಹೊಸನಗರದಿಂದ

ಇದು ಬಹಳ ಮುಖ್ಯ. ಎಷ್ಟೋ ನಿಲ್ದಾಣಗಳಲ್ಲಿ ಜೆಟ್ ಇಂಧನ ಧಾರಾಳ, ಆವ್‌ಗ್ಯಾಸ್ ಇರುವುದಿಲ್ಲ. ಚಿಕ್ಕ ವಿಮಾನದವರು ನಕ್ಷೆ ಹಿಡಿದು ಮೊದಲು ಹುಡುಕುವುದೇ ಅದನ್ನ. ಡ್ರಮ್ಮಿನಲ್ಲಿ ಮೊದಲೇ ತರಿಸಿಡಬೇಕಾಗುವುದೂ ಉಂಟು. ದಾರಿ ನಿರ್ಧಾರ ಆಗುವುದು ಆಮೇಲೆ. ತಪ್ಪಿ ಪಿಸ್ಟನ್ ಎಂಜಿನ್ನಿಗೆ ಜೆಟ್ ಇಂಧನ ತುಂಬಿದರೆ ಏರಿದ ಸ್ವಲ್ಪ ಹೊತ್ತಿಗೆ ಎಂಜಿನ್ ನಿಲ್ಲಬಹುದು. ಅದಕ್ಕೆ ತುಂಬಿಸುವಾಗ ಪೈಲಟ್ ಪಕ್ಕದಲ್ಲೇ ನಿಂತಿರಬೇಕು.

ಫೆರ್ರಿ ಟ್ಯಾಂಕ್ ಎಲ್ಲಿರುತ್ತದೆ ಅನ್ನುವುದನ್ನೂ ಚಿತ್ರದಲ್ಲಿ ತೋರಿಸಿ. ಜೆರ್ರಿ ಮಾಕ್ ಸೀಟು ತೆಗೆಸಿ ಕ್ಯಾಬಿನ್ನಿನ ಒಳಗೇ ಟ್ಯಾಂಕ್ ಹಾಕಿಸಿದ್ದರು. 1927ರಲ್ಲಿ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹೋಗುವಾಗ ದೊಡ್ಡ ಟ್ಯಾಂಕ್ ಎದುರಿಗೇ ಇತ್ತು. ಮುಂದೆ ನೋಡಲು ಗಾಜೇ ಇಲ್ಲ, ಪೆರಿಸ್ಕೋಪಿನಲ್ಲಿ ಇಣುಕಬೇಕಿತ್ತು. ಫೆರ್ರಿ ಟ್ಯಾಂಕಿಗೆ "ದೂರದ ಟ್ಯಾಂಕ್" ಅಂದರೂ ಸಾಕು.

ಸಾಗರದಿಂದ

"ದೂರದ ಟ್ಯಾಂಕ್" ಅಂದರೆ ದೂರದಲ್ಲಿ ಇರುವ ಟ್ಯಾಂಕ್ ಅಂತ ಅರ್ಥ. ವಿಭಕ್ತಿ ನೋಡಿ ಬರೆಯಿರಿ.

ಶಿವಮೊಗ್ಗದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಗರದ ಸರ್ ಹೇಳಿದ್ದರಲ್ಲಿ "ಎಲ್ಲೆ" ತಗೊಂಡಿದ್ದೇನೆ, ಅದು ಬಿಂದುವಿಗಿಂತ ಎಷ್ಟೋ ವಾಸಿ. "ವಾಪಸ್" ಬಿಡುವುದಿಲ್ಲ. ನಮ್ಮ ಮಕ್ಕಳ ಮನೆಯಲ್ಲಿ ಆಡುವ ಮಾತು ಅದು.

ಬೋರ್ಡಿನಲ್ಲಿ ಹೀಗೆ ಹೋಗುತ್ತದೆ: ಒಬ್ಬರೇ ಹಾರುವುದು. ಹೆಚ್ಚಿನ ಟ್ಯಾಂಕ್. ವಾಪಸ್ ಬರುವ ಎಲ್ಲೆ. ಸಮ ಹೊತ್ತಿನ ಜಾಗ. ಅಹಮದಾಬಾದ್‌ನಿಂದ ಮಸ್ಕತ್‌ಗೆ ಗೆರೆ ಎಳೆದು 467ರ ಹತ್ತಿರ ಹಸಿರು, 700ರ ಹತ್ತಿರ ಕೆಂಪು ಗುರುತು ಹಾಕಿಸುತ್ತೇನೆ. ಎರಡು ಇಂಧನಕ್ಕೆ ಎರಡು ಬಾಟಲಿ ಚಿತ್ರ, ಕೆಳಗೆ ಪೆಟ್ರೋಲ್ ಜಾತಿ, ಸೀಮೆಎಣ್ಣೆ ಜಾತಿ ಅಂತ.

ಹೊಸನಗರದ ಸರ್, ಎದುರುಗಾಳಿ ಇಲ್ಲದಿದ್ದರೆ ಎರಡು ಗುರುತೂ ಎಲ್ಲಿ ಬರುತ್ತವೆ ಅಂತ ಮಕ್ಕಳೇ ಲೆಕ್ಕ ಮಾಡಲಿ ಅಂತ ಕೆಳಗೆ ಜಾಗ ಬಿಡುತ್ತಿದ್ದೇನೆ. ಹಸಿರು 400ಕ್ಕೆ ಬರಬೇಕು ಅಲ್ವಾ? ಕೆಂಪು 720 ಅಂತ ಬಂತು ನನಗೆ. ಬೆಳಿಗ್ಗೆ ಹತ್ತರೊಳಗೆ ನೋಡಿ ಹೇಳಿದರೆ ಉಪಕಾರ.

ಹೊಸನಗರದಿಂದ

ಎರಡೂ ಸರಿ. 6 ಗಂಟೆ ಹೋಗಿ 6 ಗಂಟೆ ಬರುವುದು, 720. ಪ್ರಿಂಟಿಗೆ ಕೊಡಿ.