ರೂಟರ್ ಬದಲಿಸಿದ ಮೇಲೆ ಮನೆಯ ಸ್ಮಾರ್ಟ್ ಸಾಮಾನೆಲ್ಲ ಆಫ್‌ಲೈನ್: ನೀವೇನು ಮಾಡಿದಿರಿ?

ಕೋಡಿಬಾಗದವಳು, ಕಾರವಾರ
ಊರಮನೆಗೆ ಹೊಸ ಫೈಬರ್ ಹಾಕಿಸಿದೆವು. ಹಳೇ ರೂಟರ್ ಅವರು ಒಯ್ದರು. ಈಗ ನಾಲ್ಕು ಸ್ಮಾರ್ಟ್ ಪ್ಲಗ್, ಎರಡು ಬಲ್ಬ್, ಗೇಟಿನ ಕ್ಯಾಮೆರಾ ಯಾವುದೂ ಸಿಗುತ್ತಿಲ್ಲ. ಗೀಸರ್ ಕೂಡ ಪ್ಲಗ್‌ನಿಂದಲೇ. ನಾನಿರುವುದು ಪುಣೆಯಲ್ಲಿ, ಮನೆಯಲ್ಲಿ ಆಯಿ ಒಬ್ಬಳೇ. ಒಂದೊಂದನ್ನೂ ರೀಸೆಟ್ ಮಾಡದೆ ದಾರಿ ಇದೆಯಾ?

ಹೋಂಸ್ಟೇ ಕುಮಟಾ
ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡ್ ಎರಡನ್ನೂ ಹೊಸ ರೂಟರ್‌ಗೆ ಹಾಕಿ. ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಎಲ್ಲ ಹಾಗೆಯೇ ಇರಬೇಕು. ರೂಟರ್ ಬದಲಾಗಿದ್ದು ಪ್ಲಗ್‌ಗಳಿಗೆ ಗೊತ್ತೇ ಆಗುವುದಿಲ್ಲ.

ಆದರೆ ನನ್ನ ಕತೆ ಅಲ್ಲಿಗೆ ಮುಗಿಯಲಿಲ್ಲ ಮಾರಾಯ್ರೆ. ಕಂಪನಿ ಕೊಟ್ಟ ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಜ್ ಅಂತ ವೈಫೈಗೆ ಎರಡು ತರಂಗ, ಎರಡಕ್ಕೂ ಒಂದೇ ಹೆಸರು. ನಮ್ಮ ಪ್ಲಗ್‌ಗಳಿಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ. ಬೇರೆ ಮಾಡೋಣ ಅಂದರೆ ಸೆಟ್ಟಿಂಗ್‌ಗೇ ಬೀಗ. ಫೋನ್ ಮಾಡಿದರೆ "ಮಾಡಿಸಿಕೊಡ್ತೇವೆ ಸರ್" ಅಷ್ಟೇ. ಡಿಸೆಂಬರ್ ಕೊನೆಯ ವಾರ, ರೂಮೆಲ್ಲ ಭರ್ತಿ, ಎಸಿ ಸ್ವಿಚ್ ಸತ್ತು ಕೂತಿತ್ತು. ಒಬ್ಬ ಗೆಸ್ಟ್‌ಗೆ 1,200 ರೂಪಾಯಿ ವಾಪಸ್ ಕೊಟ್ಟೆ. ಕೊನೆಗೆ ನನ್ನದೇ ರೂಟರ್ 1,899, ಕೇಬಲ್ 240, ಕೇಬಲ್ ತುದಿಗೆ ಪಿನ್ ಹಾಕಲು 50. ಕಂಪನಿಯದರ ವೈಫೈ ಬಂದ್ ಮಾಡಿ ಇದನ್ನು ಹಚ್ಚಿದೆ. ಆದರೂ ಎರಡು ರೂಮಿನ ಸ್ವಿಚ್ ಬರಲಿಲ್ಲ. ಹೊಸ ರೂಟರ್ ಡಬ್ಲ್ಯುಪಿಎ3 ಅನ್ನುವ ಹೊಸ ವೈಫೈ ಭದ್ರತೆಯ ಮೇಲಿತ್ತು, ಹಳೇ ಸ್ವಿಚ್‌ಗಳಿಗೆ ಅದು ಅರ್ಥ ಆಗದು. ಡಬ್ಲ್ಯುಪಿಎ2 ಮಾಡಿದ್ದೇ ತಡ, ದೀಪ ಹೊತ್ತಿತು.

ತೋಟಿಗ, ಶಿರಸಿ
ವೈಫೈ ನಂಬಿದವರ ಹಣೆಬರಹ ಇಷ್ಟೇ. ನಮ್ಮಲ್ಲಿ ಕ್ಯಾಮೆರಾ ಎಲ್ಲ ವೈರಿನದು. ಅಡಿಕೆ ಒಣಗಿಸುವ ಅಂಗಳಕ್ಕೆ ಎರಡು, ಕೊಟ್ಟಿಗೆಗೆ ಒಂದು. ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ರೂಟರ್ ಹೋಯಿತು, ರೆಕಾರ್ಡಿಂಗ್ ಪೆಟ್ಟಿಗೆ ಉಳಿಯಿತು. ಆದರೆ ಹೊಸ ರೂಟರ್ ಮನೆಯೊಳಗಿನ ಸಾಮಾನಿಗೆ ಕೊಡುವ ನೆಟ್‌ವರ್ಕ್ ವಿಳಾಸ 192.168.0 ಸಾಲಿನದು. ಪೆಟ್ಟಿಗೆಗೆ 192.168.1.64 ಅಂತ ಕಾಯಂ ವಿಳಾಸ ಕೊಟ್ಟಾಗಿತ್ತು. ಎರಡಕ್ಕೂ ಮಾತುಕತೆಯೇ ಇಲ್ಲ. ಪೇಟೆಯಿಂದ ಬಂದವನು ಮುಚ್ಚಳ ಬಿಚ್ಚಿ, ಊದಿ, "ಬೋರ್ಡ್ ಹೋಗಿದೆ, 6,500 ಆಗ್ತದೆ" ಅಂದ. ಬಂದಿದ್ದಕ್ಕೆ 600, ಪೆಟ್ರೋಲ್‌ಗೆ 150, ಮೇಲೆ ಎರಡು ಲೋಟ ಚಾ. ಅವನು ಹೋದ ಮೇಲೆ ನಾನೇ ರೂಟರ್‌ನ ಲ್ಯಾನ್ ವಿಳಾಸ 192.168.1.1 ಮಾಡಿದೆ. ಮೂರೂ ಕ್ಯಾಮೆರಾ ಬಂದವು. ಬೋರ್ಡ್ ಇವತ್ತಿಗೂ ಗಟ್ಟಿ ಇದೆ.

ಮತ್ತೆ ಗೀಸರ್‌ಗೆ ಸ್ಮಾರ್ಟ್ ಪ್ಲಗ್ ಯಾಕೆ ತಂಗಿ? ಬಚ್ಚಲೊಲೆಗೆ ಅಡಿಕೆ ಹಾಳೆ ತುರುಕಿದರೆ ಹಂಡೆ ಬಿಸಿ. ಪಾಸ್‌ವರ್ಡ್ ಕೇಳುವುದಿಲ್ಲ.

ಮೂರನೇ ಮಹಡಿ, ಅಂಕೋಲಾ
ತೋಟಿಗರೇ, ನಿಮಗೆ ತೋಟ ಇದೆ, ಬೆಟ್ಟ ಇದೆ. ನಾನು ಫ್ಲಾಟಿನಲ್ಲಿ ಒಲೆ ಎಲ್ಲಿ ಹೂಡಲಿ? ಕೇಳಿದ್ದಕ್ಕೆ ಉತ್ತರ ಕೊಡಿ ಸಾಕು.

ಹಳೇ ಹೆಸರು ಹಾಕಿ ಅನ್ನುವುದು ಸುಲಭ. ನನ್ನ ಹಳೇ ಪಾಸ್‌ವರ್ಡ್ ಹಾಕಿದವನು ಇನ್‌ಸ್ಟಾಲ್ ಮಾಡಲು ಬಂದ ಹುಡುಗ, ಅವನು ಕೆಲಸ ಬಿಟ್ಟು ಗೋವಾಕ್ಕೆ ಹೋದ. ಎಲ್ಲವನ್ನೂ ರೀಸೆಟ್ ಮಾಡಿದೆ. ದೀಪ ಪಟಪಟ ಮಿನುಗುವವರೆಗೆ ಬಟನ್ ಒತ್ತಿ ಹಿಡಿಯಬೇಕು. ಆ್ಯಪ್‌ನಿಂದ ಡಿಲೀಟ್ ಮಾಡಬೇಡಿ, ಹಾಗೆಯೇ ಮತ್ತೆ ಸೇರಿಸಿ. ನನ್ನ ಟೈಮರ್‌ಗಳು ಉಳಿದವು. ಹೆಂಡತಿ ಡಿಲೀಟ್ ಮಾಡಿದ ಪ್ಲಗ್‌ನ ಟೈಮರ್ ಎಲ್ಲ ಹೋಯಿತು.

ಗೀಸರ್ ಪ್ಲಗ್ ಎಷ್ಟು ಆಂಪಿಯರ್ ನೋಡಿ. ನಮ್ಮದು 3,000 ವಾಟ್, ಅಂದರೆ 13 ಆಂಪಿಯರ್. 10 ಆಂಪಿಯರ್ ಪ್ಲಗ್ ಕರಗಿ ಗೋಡೆಗೆ ಅಂಟಿತ್ತು. ಪ್ಲಗ್ 899, ಹೊಸದು 16 ಆಂಪಿಯರ್‌ದು 1,399, ಎಲೆಕ್ಟ್ರಿಶಿಯನ್‌ಗೆ 400.

ಹೋಂಸ್ಟೇ ಕುಮಟಾ
ಸುಮ್ನೆ ಹೆದರಿಸಬೇಡಿ. ನಮ್ಮ ರೂಮ್‌ಗಳಲ್ಲಿ 2,000 ವಾಟ್ ಗೀಸರ್, 10 ಆಂಪಿಯರ್ ಪ್ಲಗ್‌ನಲ್ಲೇ ನಡೆಯುತ್ತಿದೆ.

ಮೂರನೇ ಮಹಡಿ, ಅಂಕೋಲಾ
9 ಆಂಪಿಯರ್ ಹತ್ತಿರ ಎಳೆಯುತ್ತದೆ. ಗೆಸ್ಟ್‌ಗಳು ಒಬ್ಬರಾದ ಮೇಲೆ ಒಬ್ಬರು ಸ್ನಾನ ಮಾಡುವಾಗ ಪ್ಲಗ್ ಮುಟ್ಟಿ ನೋಡಿ, ಆಮೇಲೆ ಮಾತಾಡೋಣ.

ಹೊನ್ನಾವರದವ
ಜಿಗ್ಬೀ ಅಂದರೆ ವೈಫೈ ಅಲ್ಲದ ಬೇರೆ ವೈರ್‌ಲೆಸ್, ಅದನ್ನು ಹಾಕಿಸಿದ್ದರೆ ಈ ಗೋಳೇ ಇಲ್ಲ. ಬಲ್ಬ್‌ಗಳು ಹಬ್ ಅನ್ನುವ ಅದರದೇ ಪೆಟ್ಟಿಗೆ ಜೊತೆ ಮಾತಾಡುತ್ತವೆ, ವೈಫೈ ಜೊತೆ ಅಲ್ಲ. ಹಬ್‌ನ ಲ್ಯಾನ್ ವೈರ್ ಹೊಸ ರೂಟರ್‌ಗೆ ಚುಚ್ಚಿದೆ, ಮುಗೀತು.

ಹೋಂಸ್ಟೇ ಕುಮಟಾ
ಎಲ್ಲ ಸೇರಿ ಎಷ್ಟಾಯಿತು, ಅದನ್ನೂ ಬರೆಯಿರಿ.

ಹೊನ್ನಾವರದವ
ಮನೆಯವರೂ ಇಲ್ಲಿ ಓದುತ್ತಾರೆ. ಬೇಡ ಬಿಡಿ.

ಕೋಡಿಬಾಗದವಳು, ಕಾರವಾರ
ಪಕ್ಕದ ಮನೆಯ ಹುಡುಗ ಹಳೇ ಹೆಸರು, ಪಾಸ್‌ವರ್ಡ್ ಹಾಕಿ 2.4 ಬೇರೆ ಮಾಡಿಕೊಟ್ಟ. ಪ್ಲಗ್, ಬಲ್ಬ್ ಬಂದವು. ಗೀಸರ್‌ದು 16 ಆಂಪಿಯರ್ ಪ್ಲಗ್, ನೋಡಿಸಿದೆ. ಗೇಟಿನ ಕ್ಯಾಮೆರಾ ಮಾತ್ರ ಬಂದು ಹೋಗಿ ಮಾಡುತ್ತಿದೆ. ಈ ಸಲ ರೂಟರ್ ಒಳಕೋಣೆಯಲ್ಲಿ ಕೂರಿಸಿದ್ದಾರೆ, ನಡುವೆ ಎರಡು ಚಿರೆಕಲ್ಲಿನ ಗೋಡೆ.

ತೋಟಿಗ, ಶಿರಸಿ
ವೈರ್ ಎಳೆಸಿ ಅಂದೆನಲ್ಲ.

ಮೂರನೇ ಮಹಡಿ, ಅಂಕೋಲಾ
ಘಟ್ಟದ ಮೇಲೆ ಕೂತು ಹೇಳುವುದು ಸುಲಭ. ಕಡಲ ಪಕ್ಕ ಗೇಟಿನ ಹತ್ತಿರ ಪಿನ್ ಹಾಕಿದರೆ ಉಪ್ಪುಗಾಳಿಗೆ ಹಸಿರು ಹಿಡಿಯುತ್ತದೆ. ತಂಗಿ, ರೂಟರನ್ನೇ ಹಾಲ್‌ಗೆ ತರಿಸಿ.

ತೋಟಿಗ, ಶಿರಸಿ
ಪಿನ್ನನ್ನು ಡಬ್ಬಿಯೊಳಗೆ ಹಾಕಿ ಮುಚ್ಚುತ್ತಾರೆ ಸ್ವಾಮಿ. ನಮ್ಮಲ್ಲಿ ಬೀಳುವ ಮಳೆ ನಿಮ್ಮ ಉಪ್ಪುಗಾಳಿಗಿಂತ ಕಡಿಮೆಯಾ?

ಹೋಂಸ್ಟೇ ಕುಮಟಾ
ಈಗ ಹೋಗಿ ಪ್ಲಗ್ ಮುಟ್ಟಿ ನೋಡಿದೆ. ಬೆಚ್ಚಗಿದೆ ಅಷ್ಟೇ. ಅಂಕೋಲಾದವರೇ, ಆ 16 ಆಂಪಿಯರ್‌ದು ಎಲ್ಲಿ ತಗೊಂಡಿರಿ?