ಪಾಪ್ಪಿ ಅಪೀಲ್ ಡಬ್ಬಿ ಹಿಡಿಯುವ ಮುಂಚೆ ಏನೇನು ತಿಳಿದಿರಬೇಕು?

ರೀಡಿಂಗ್‌ವಾಸಿ
ಎಲ್ಲರಿಗೂ ನಮಸ್ಕಾರ. ಈ ಅಕ್ಟೋಬರ್ ಕೊನೆಗೆ ನಮ್ಮ ಕನ್ನಡ ಬಳಗದ ಹತ್ತು-ಹನ್ನೆರಡು ಜನ ರಾಯಲ್ ಬ್ರಿಟಿಷ್ ಲೀಜನ್‌ನ ಪಾಪ್ಪಿ ಅಪೀಲ್‌ಗೆ ನಿಲ್ಲಬೇಕೆಂದಿದ್ದೇವೆ. ಕಾಗದದ ಗಸಗಸೆ ಹೂ ಕೊಟ್ಟು ಮಾಜಿ ಸೈನಿಕರಿಗಾಗಿ ದೇಣಿಗೆ ಎತ್ತುತ್ತಾರಲ್ಲ, ಅದೇ. ಗೊತ್ತಿಲ್ಲದೆ ತಪ್ಪಾಗಬಾರದು ಅಂತ ಕೇಳುತ್ತಿದ್ದೇನೆ. ಊರಿನ ಬ್ರಾಂಚ್‌ಗೂ ಕೇಂದ್ರಕ್ಕೂ ಏನು ಸಂಬಂಧ? ಡಬ್ಬಿ ಹಿಡಿದು ಎಲ್ಲಿ ಬೇಕಾದರೂ ನಿಲ್ಲಬಹುದೇ? ಪಾರ್ಕಿಂಗ್, ಕಾಫಿ ಖರ್ಚನ್ನು ಅದರಲ್ಲೇ ಮುರಿದುಕೊಳ್ಳಬಹುದೇ? ನಾಲ್ವರು ವಿದ್ಯಾರ್ಥಿ ವೀಸಾದಲ್ಲಿದ್ದಾರೆ, ಅವರಿಗೆ ತೊಡಕಿದೆಯೇ?

ಲೆಕ್ಕದಪುಸ್ತಕ
ಕೊನೆಯ ಎರಡಕ್ಕೆ ಬೇರೆಯವರು ಹೇಳಲಿ, ನಾನು ವ್ಯವಸ್ಥೆಯ ಬಗ್ಗೆ ಬರೆಯುತ್ತೇನೆ. ಮೊದಲ ಮಹಾಯುದ್ಧದಿಂದ ಮರಳಿದವರ ನಾಲ್ಕು ಸಂಘಗಳು ಸೇರಿ 1921ರಲ್ಲಿ ಲೀಜನ್ ಆಯಿತು, 1925ರಲ್ಲಿ ರಾಜಸನ್ನದು ಸಿಕ್ಕಿತು. ಮೇಲೆ ಟ್ರಸ್ಟಿಗಳ ಮಂಡಳಿ ಇದೆ. ಅವರಿಗೆ ಸಂಬಳವಿಲ್ಲ, ಆದರೆ ಕಾನೂನಿನ ಹೊಣೆ ಪೂರ್ತಿ ಅವರದೇ. ದಿನನಿತ್ಯದ ಕೆಲಸಕ್ಕೆ ಸಂಬಳದ ಸಿಬ್ಬಂದಿ ಇದ್ದಾರೆ. ದತ್ತಿ ಸಂಸ್ಥೆಗಳ ಮೇಲೆ ನಿಗಾ ಇಡುವ ಇಂಗ್ಲೆಂಡ್ ಮತ್ತು ವೇಲ್ಸ್‌ನ ಚಾರಿಟಿ ಕಮಿಷನ್ನಿಗೆ ಹಣಕಾಸು ವರ್ಷ ಮುಗಿದ 10 ತಿಂಗಳೊಳಗೆ ವರದಿ, ಲೆಕ್ಕ ಎರಡೂ ಸಲ್ಲಬೇಕು.

ಹೊಸಬರು ಎಡವುವುದು ಬ್ರಾಂಚ್ ವಿಷಯದಲ್ಲಿ. ಬ್ರಾಂಚ್‌ಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ಇರುತ್ತಾರೆ, ಬ್ಯಾಂಕ್ ಖಾತೆಯೂ ಇರುತ್ತದೆ. ಹಾಗಂತ ಅದು ಪ್ರತ್ಯೇಕ ಚಾರಿಟಿ ಅಲ್ಲ, ಲೀಜನ್ನಿನದೇ ಅಂಗ. ಅದರ ಲೆಕ್ಕ ಕೇಂದ್ರದ ಲೆಕ್ಕದೊಳಗೆ ಸೇರುತ್ತದೆ. ಇತ್ತ ಲೀಜನ್ ಹೆಸರಿನ ಬೋರ್ಡ್ ಹಾಕಿಕೊಂಡ, ಬಾರ್ ಇರುವ ಕ್ಲಬ್‌ಗಳಿವೆಯಲ್ಲ, ಅವು ಕಾನೂನಿನ ಪ್ರಕಾರ ಬೇರೆಯೇ ಸಂಸ್ಥೆಗಳು. ಕ್ಲಬ್ಬಿನ ಕೌಂಟರ್ ಮೇಲೆ ಡಬ್ಬಿ ಇಟ್ಟ ಮಾತ್ರಕ್ಕೆ ಅದರ ಹಣ ಕ್ಲಬ್ಬಿನದಾಗುವುದಿಲ್ಲ.

ಪಾಪ್ಪಿ ಹಣ ಬ್ರಾಂಚಿನದೂ ಅಲ್ಲ. ಸೈನಿಕರ, ಅವರ ಮನೆಯವರ ನೆರವಿಗೆ ಅಂತ ಜನ ಕೊಟ್ಟದ್ದನ್ನು ಹಾಲ್ ಬಾಡಿಗೆಗೋ ವಾರ್ಷಿಕ ಊಟಕ್ಕೋ ಎರಡು ದಿನದ ಮಟ್ಟಿಗೂ ಕೈಗಡ ತೆಗೆಯಬಾರದು. ತೊಂದರೆಗಳು ಹೆಚ್ಚಾಗಿ ಕಳ್ಳತನದಿಂದ ಶುರುವಾಗುವುದಿಲ್ಲ, ‘ಆಮೇಲೆ ಹಾಕಿದರಾಯ್ತು’ ಅನ್ನುವುದರಿಂದಲೇ ಶುರುವಾಗುತ್ತವೆ.

ಡಬ್ಬಿಮೇಷ್ಟ್ರು
ಜಾಗದ ಬಗ್ಗೆ. ಬೀದಿಯಲ್ಲಿ ಎತ್ತಲು ಸ್ಥಳೀಯ ಕೌನ್ಸಿಲ್ಲಿನ ಪರವಾನಗಿ ಬೇಕು, ಲಂಡನ್ನಿನಲ್ಲಾದರೆ ಪೊಲೀಸರದು. ಸೂಪರ್‌ಮಾರ್ಕೆಟ್ ಬಾಗಿಲು, ರೈಲು ನಿಲ್ದಾಣ ಖಾಸಗಿ ಜಾಗ, ಮಾಲೀಕರ ಲಿಖಿತ ಒಪ್ಪಿಗೆ ಇರಲಿ. ಇದನ್ನೆಲ್ಲ ಊರಿನ ಪಾಪ್ಪಿ ಅಪೀಲ್ ಸಂಘಟಕರು ಮುಂಚೆಯೇ ಹೊಂದಿಸಿರುತ್ತಾರೆ, ನೀವಾಗಿ ಜಾಗ ಆರಿಸಬೇಡಿ. ಒಂದೇ ಕಡೆ ನಿಲ್ಲಬೇಕು, ದಾರಿಹೋಕರ ಹಿಂದೆ ನಡೆಯುವಂತಿಲ್ಲ. 16 ತುಂಬದವರು ಬೀದಿಯಲ್ಲಿ ಡಬ್ಬಿ ಹಿಡಿಯುವಂತಿಲ್ಲ, ಲಂಡನ್ನಿನಲ್ಲಿ ಮಿತಿ ಇನ್ನೂ ಬಿಗಿ.

ಹೂವಿಗೆ ಬೆಲೆ ಹೇಳಲೇಬಾರದು. ‘ಎಷ್ಟು?’ ಅಂದರೆ ‘ನಿಮ್ಮಿಷ್ಟ’ ಅನ್ನಿ. ಬೆಲೆ ಹೇಳಿದರೆ ದಾನ ಹೋಗಿ ಮಾರಾಟವಾಗುತ್ತದೆ.

ಡಬ್ಬಿ ಕೊಡುವಾಗಲೇ ನಂಬರ್, ತಾರೀಖು, ಪಡೆದವರ ಹೆಸರು, ಸಹಿ ಒಂದೇ ಸಾಲಿನಲ್ಲಿ ಬರೆಸಿಕೊಳ್ಳಿ. ಕಳೆದುಹೋಗುವ ಡಬ್ಬಿಗಳು ಹೆಚ್ಚಾಗಿ ಅಂಗಡಿಗಳವು: ಶಿಫ್ಟ್ ಬದಲಾಗುತ್ತದೆ, ಕೊಟ್ಟದ್ದು ಯಾರಿಗೆಂದು ಯಾರಿಗೂ ನೆನಪಿರುವುದಿಲ್ಲ. ನವೆಂಬರ್ ಎರಡನೇ ಭಾನುವಾರ, ಅಂದರೆ ರಿಮೆಂಬ್ರನ್ಸ್ ಸಂಡೆ ಕಳೆದ ಕೂಡಲೇ ಒಂದು ಸುತ್ತು ಹೋಗಿ ತಂದುಬಿಡಿ. ಸೀಲ್ ಹರಿದಿದ್ದರೆ ಮುಟ್ಟುವ ಮೊದಲು ಫೋಟೋ ತೆಗೆದು ಸಂಘಟಕರಿಗೆ ಹೇಳಿ.

ಎಣಿಕೆಗೆ ಯಾವಾಗಲೂ ಇಬ್ಬರು, ಅದೂ ಒಂದೇ ಮನೆಯವರಲ್ಲದವರು. ಒಂದು ಡಬ್ಬಿ ತೆರೆದು, ಎಣಿಸಿ, ನಂಬರಿನ ಮುಂದೆ ಮೊತ್ತ ಬರೆದು, ಇಬ್ಬರೂ ಸಹಿ ಹಾಕಿದ ಮೇಲೆಯೇ ಮುಂದಿನದು. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಒಟ್ಟಿಗೆ ಎಣಿಸಿದರೆ ಬೇಗ ಮುಗಿಯುತ್ತದೆ ನಿಜ, ಆದರೆ ಯಾವ ಡಬ್ಬಿಯಲ್ಲಿ ಕಡಿಮೆ ಬಂತು ಅನ್ನುವುದು ಇನ್ನು ಯಾವತ್ತೂ ತಿಳಿಯುವುದಿಲ್ಲ.

ಬ್ಯಾಂಕಿಗೆ ಕೊಡುವ ನಾಣ್ಯದ ಚೀಲಗಳ ತೂಕ: 1 ಪೌಂಡ್ ನಾಣ್ಯ 20 ಹಾಕಿದರೆ 175 ಗ್ರಾಂ, 2 ಪೌಂಡ್ ನಾಣ್ಯ 10 ಹಾಕಿದರೆ 120 ಗ್ರಾಂ, 50 ಪೆನ್ಸ್ 20 ಹಾಕಿದರೆ 160, 20 ಪೆನ್ಸ್ 50 ಹಾಕಿದರೆ 250. 5 ಮತ್ತು 10 ಪೆನ್ಸ್ ಚೀಲ ತಲಾ 5 ಪೌಂಡಿನವು, ಎರಡೂ 325 ಗ್ರಾಂ. ಮೋಸಹೋಗುವುದು ಇಲ್ಲೇ. 5ರ ಚೀಲಕ್ಕೆ 10ರ ನಾಣ್ಯ ಬೆರೆತರೂ ತಕ್ಕಡಿ ಸರಿಯೆನ್ನುತ್ತದೆ, ಮೊತ್ತವೂ ತಾಳೆಯಾಗುತ್ತದೆ, ಆದರೆ ಬೆರಕೆ ಚೀಲವನ್ನು ಬ್ಯಾಂಕ್ ವಾಪಸ್ ಮಾಡುತ್ತದೆ. 2017ರಲ್ಲಿ ಚಲಾವಣೆಯಿಂದ ಹೋದ ಹಳೇ ದುಂಡು ಪೌಂಡ್ 9.5 ಗ್ರಾಂ, ಈಗಿನದು 8.75. ಮುಕ್ಕಾಲು ಗ್ರಾಂ ವ್ಯತ್ಯಾಸ ಅಡುಗೆಮನೆಯ ತಕ್ಕಡಿಗೆ ಸಿಗುವುದಿಲ್ಲ. ಕಣ್ಣಿನಿಂದ ನೋಡಿ, ಹೊಸದಕ್ಕೆ 12 ಮೂಲೆ. ಹಳೆಯವನ್ನೂ ಯೂರೋ ನಾಣ್ಯಗಳನ್ನೂ ಬೇರೆ ಚೀಟಿಯಲ್ಲಿ ಬರೆದಿಡಿ.

ಲೀಡ್ಸ್_ಶಾರದಾ
ಖರ್ಚು: ಡಬ್ಬಿಯಿಂದ ಒಂದು ಪೆನ್ಸ್ ಕೂಡ ಬೇಡ. ರಸೀದಿ ಇಟ್ಟು, ಮುಂಚೆಯೇ ಒಪ್ಪಿದ್ದರೆ, ಆದ ಖರ್ಚನ್ನಷ್ಟೇ ಬೇರೆಯಾಗಿ ಕೇಳಬಹುದು. ‘ದಿನಕ್ಕೆ ಇಂತಿಷ್ಟು’ ಎಂಬ ಇಡಿಗಂಟು ಸಂಬಳದಂತೆ ಕಾಣುತ್ತದೆ. ವಿದ್ಯಾರ್ಥಿ ವೀಸಾದವರಿಗೆ ಇದೇ ಮುಖ್ಯ. ಕರಾರಿಲ್ಲದೆ, ಬಿಡುವಾದಾಗ ಬಂದು ನಿಲ್ಲುವುದು ಸ್ವಯಂಸೇವೆ, ತೊಂದರೆಯಿಲ್ಲ. ಹೊತ್ತು ಗೊತ್ತುಮಾಡಿ, ಕರಾರಿನಂತೆ ಬರಲೇಬೇಕೆಂದರೆ ಅದು ಸಂಬಳವಿಲ್ಲದ ಕೆಲಸ, ವಾರದ 20 ಗಂಟೆ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ. ಯೂನಿವರ್ಸಿಟಿಯ ವೀಸಾ ವಿಭಾಗಕ್ಕೆ ಒಂದು ಇ-ಮೇಲ್ ಹಾಕಿಸಿಬಿಡಿ.

ಡಬ್ಬಿ ಹಿಡಿಯಲು ಡಿಬಿಎಸ್ ತಪಾಸಣೆ, ಅಂದರೆ ಅಪರಾಧ ಹಿನ್ನೆಲೆಯ ಪರಿಶೀಲನೆ, ಬೇಕಿಲ್ಲ. ಒಬ್ಬಂಟಿ ಹಿರಿಯರ ಮನೆಗೆ ಹೋಗುವ ಕೆಲಸಕ್ಕೆ ಮಾತ್ರ ಅದರ ಮಾತು ಬರುತ್ತದೆ.

ರೀಡಿಂಗ್‌ವಾಸಿ
ತುಂಬಾ ಉಪಕಾರವಾಯಿತು. ತೆರಿಗೆ ಕಟ್ಟುವವರ ದೇಣಿಗೆಗೆ ಸರ್ಕಾರ ಸೇರಿಸಿಕೊಡುವ ಹಣ, ಅಂದರೆ ಗಿಫ್ಟ್ ಏಡ್, ಡಬ್ಬಿ ಹಣಕ್ಕೂ ಸಿಗುತ್ತದೆಯೇ?

ಲೆಕ್ಕದಪುಸ್ತಕ
ಕೊಟ್ಟವರ ಹೆಸರು, ಘೋಷಣೆ ಇಲ್ಲದೆ ಗಿಫ್ಟ್ ಏಡ್ ಇಲ್ಲ. ಸಣ್ಣ ದೇಣಿಗೆಗೆ ಬೇರೆ ಯೋಜನೆಯಿದೆ: ತಲಾ 30 ಪೌಂಡ್‌ವರೆಗಿನ ನಗದು, ವರ್ಷಕ್ಕೆ ಒಟ್ಟು 8,000 ಪೌಂಡ್, ಅದರ ಮೇಲೆ 2,000 ಸರ್ಕಾರದಿಂದ. ಆದರೆ ಆ ಮಿತಿ ಒಂದು ಚಾರಿಟಿಗೆ. ಬ್ರಾಂಚ್‌ಗಳೆಲ್ಲ ಸೇರಿ ಒಂದೇ ಚಾರಿಟಿ ಅಂದೆನಲ್ಲ, ಹಾಗಾಗಿ ಕೋಟಿಗಟ್ಟಲೆ ಎತ್ತುವ ಲೀಜನ್‌ಗೆ ಅದು ಯಾತಕ್ಕೂ ಸಾಲದು. ಅದಕ್ಕೇ 20 ಪೌಂಡ್ ನೋಟು ತೆಗೆಯುವವರು ಇಲ್ಲಿ ತೆರಿಗೆ ಕಟ್ಟುವವರಾದರೆ, ಲೀಜನ್ನಿನ ವೆಬ್‌ಸೈಟಿನಲ್ಲೇ ಕೊಡಿ ಎನ್ನಿ. ಆ 20 ಅಲ್ಲಿ 25 ಆಗುತ್ತದೆ.

ಕೊಡಗಿನಕಾಫಿ
ನಮ್ಮ ಭಾರತದ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೂ ಇದಕ್ಕೂ ಹೋಲಿಕೆ ಕಂಡರೂ ಆಡಳಿತ ಬೇರೆ. 1949ರಿಂದ ನಡೆದುಬಂದ ಆ ನಿಧಿ ಸರ್ಕಾರದ ಕೈಯಲ್ಲಿದೆ: ದೆಹಲಿಯಲ್ಲಿ ರಕ್ಷಣಾ ಸಚಿವರ ಅಧ್ಯಕ್ಷತೆಯ ಕೇಂದ್ರೀಯ ಸೈನಿಕ ಮಂಡಳಿ, ಕರ್ನಾಟಕದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ನಿಮ್ಮ ಬಳಗ ಎರಡಕ್ಕೂ ಎತ್ತುವುದಾದರೆ ಒಂದೇ ಮೇಜಿನ ಮೇಲೆ ಎರಡು ಡಬ್ಬಿ ಇಡಬೇಡಿ. ಪಾಪ್ಪಿಗೆ ಸಿಕ್ಕ ಪರವಾನಗಿ ಪಾಪ್ಪಿಗಷ್ಟೇ.

ಇನ್ನೊಂದು, ಸ್ಕಾಟ್ಲೆಂಡಿನ ನೆಂಟರಿಂದ ಹೂ ತರಿಸಿಕೊಳ್ಳಬೇಡಿ. ಅಲ್ಲಿನದು ನಾಲ್ಕು ಎಸಳಿನದು, ಎಲೆಯಿಲ್ಲ. ಆ ಅಪೀಲನ್ನು ನಡೆಸುವುದು ಪಾಪ್ಪಿಸ್ಕಾಟ್ಲೆಂಡ್, ಅದರ ಲೆಕ್ಕ ಬೇರೆ.