ತೀರಿಹೋದ ಸಹಪಾಠಿಯ ನೆನಪಿಗೆ ಊರ ಹೈಸ್ಕೂಲಿನಲ್ಲಿ ಏನು ಮಾಡಿದರೆ ಉಳಿಯುತ್ತದೆ?

ಬೇವಿನ ಗಿಡ:
ಕುಷ್ಟಗಿ ತಾಲೂಕಿನ ಸಣ್ಣ ಊರಿನ ಸರ್ಕಾರಿ ಪ್ರೌಢಶಾಲೆ, ಎಸ್ಸೆಸ್ಸೆಲ್ಸಿ 2003ರ ಬ್ಯಾಚು. ನಮ್ಮ ವಾರಿಗೆಯ ಗೆಳತಿಯೊಬ್ಬಳು ಈಚೆಗೆ ತೀರಿಕೊಂಡಳು. ಗಣಿತ ತಲೆಗೆ ಹತ್ತದವರನ್ನು ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು, ಇದ್ದಿಲು ಹಿಡಿದು ಹಾಸುಗಲ್ಲಿನ ಮೇಲೆ ಲೆಕ್ಕ ಬಿಡಿಸಿ ತೋರಿಸುತ್ತಿದ್ದಳು. ಅವಳಿಂದ ಪಾಸಾದವರು ಬ್ಯಾಚಿನಲ್ಲಿ ಬಹಳ ಮಂದಿ. ಅರ್ಧ ಜನ ಈಗ ಬೆಂಗಳೂರು, ಗೋವಾ, ಮಂಗಳೂರಿಗೆ ದುಡಿಯಲು ಹೋಗಿದ್ದಾರೆ. ಶಾಲೆಯಲ್ಲಿ ಹೆಸರಿನ ಕಲ್ಲು, ದತ್ತಿ ಬಹುಮಾನ, ನೆನಪಿನ ಪುಸ್ತಕ ಅಂತ ಮೂರು ಮಾತು ಬಂದಿವೆ. 80 ಸಾವಿರದವರೆಗೆ ಕೂಡಬಹುದು. ಯಾವುದು ಮೊದಲು, ಎಲ್ಲಿ ಕೆಡುತ್ತದೆ, ತಿಳಿದವರು ಹೇಳಿ.

ಹಾಜರಿ ಪುಸ್ತಕ:
ಮೊದಲು ಅವರ ತಾಯಿಯನ್ನೂ ಗಂಡನ ಮನೆಯವರನ್ನೂ ಕೇಳಿ. ಎರಡೂ ಕಡೆ ಒಪ್ಪಿಗೆ ಇಲ್ಲದೆ ಗುಂಪಿನಲ್ಲಿ ಫೋಟೊ ಕೂಡ ಹಾಕಬೇಡಿ. ಯಾವ ಹೆಸರು ಬರೆಸಬೇಕು ಅನ್ನುವುದನ್ನೂ ಅವರೇ ಹೇಳಲಿ. ದಾಖಲಾತಿ ರಿಜಿಸ್ಟರಿನಲ್ಲಿ ಒಂದು, ಮನೆಯಲ್ಲಿ ಕರೆಯುವುದು ಒಂದು, ಮದುವೆಯಾದ ಮೇಲೆ ಅಡ್ಡಹೆಸರು ಇನ್ನೊಂದು ಇರುತ್ತದೆ. ಹುಟ್ಟಿದ ದಿನವನ್ನು ರಿಜಿಸ್ಟರ್ ನೋಡಿ ಬರೆಸಬೇಡಿ. ನಮ್ಮ ಕಡೆ ಹೆಸರು ಹಚ್ಚುವಾಗ ಗುರುಗಳು ಎಷ್ಟೋ ಮಕ್ಕಳಿಗೆ ಜೂನ್ 1 ಅಂತ ಬರೆದುಬಿಟ್ಟಿದ್ದಾರೆ.

ಮೂರರಲ್ಲಿ ಪುಸ್ತಕಕ್ಕೇ ಮೊದಲು ಕೈ ಹಾಕಿ. ಕಲ್ಲನ್ನು ಮುಂದಿನ ವರ್ಷವೂ ಹಾಕಿಸಬಹುದು, ನಿವೃತ್ತ ಗುರುಗಳ ನೆನಪು ಹಾಗೆ ಕಾಯುವುದಿಲ್ಲ. ಬರೆದು ಕೊಡಿ ಅಂದರೆ ಯಾರೂ ಕೊಡುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸಿ ಅನ್ನಿ. "ಅವಳ ಬಗ್ಗೆ ಹೇಳ್ರಿ" ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಭಾಳ ಛಲೋ ಹುಡುಗಿ ಇದ್ಲು". ಅದರ ಬದಲು ಯಾವ ಬೆಂಚಿನಲ್ಲಿ ಕೂಡುತ್ತಿದ್ದಳು, ಬುತ್ತಿಯಲ್ಲಿ ರೊಟ್ಟಿ ಜೊತೆ ಏನು ತರುತ್ತಿದ್ದಳು, ಯಾವ ಲೆಕ್ಕವನ್ನು ಹೇಗೆ ಹೇಳಿಕೊಟ್ಟಳು ಅಂತ ಕೇಳಿ. ಟೈಪ್ ಮಾಡುವವರು ಅವರವರ ಮಾತನ್ನು ಹಾಗೇ ಇಡಲಿ, ಗ್ರಂಥಭಾಷೆಗೆ ತಿದ್ದಬೇಡಿ. ಕಾಯಿಲೆ, ಆಸ್ಪತ್ರೆ, ಕೊನೆಯ ದಿನಗಳ ಸುದ್ದಿ ಪುಸ್ತಕಕ್ಕೆ ಬೇಡ.

ಫೋಟೊಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಸುಮ್ಮನೆ ಫೋಟೊ ಆಗಿ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮುಖಗಳು ಮಸುಕಾಗುತ್ತವೆ. ಬ್ಯಾಚಿನ ಗ್ರೂಪ್ ಫೋಟೊ 600 ಡಿಪಿಐನಲ್ಲಿ ಸ್ಕ್ಯಾನ್ ಆಗಲಿ. ಚೌಕಟ್ಟಿನ ಗಾಜಿಗೆ ಅಂಟಿದ್ದರೆ ಕೀಳಬೇಡಿ, ಚಿತ್ರದ ಪದರವೇ ಎದ್ದು ಬರುತ್ತದೆ. ಪಡಸಾಲೆಯ ನೆರಳಿನಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ ಗಾಜಿನ ಮೇಲಿಂದಲೇ ತೆಗೆಯಿರಿ. ಎ5 ಅಳತೆ, ನಡುವೆ ಪಿನ್ ಹೊಡೆಯುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು: 40, 44, 48. ನೂರು ನೂರೈವತ್ತು ಪ್ರತಿಗೆ ಡಿಜಿಟಲ್ ಮುದ್ರಣ ಸಾಕು.

ಠರಾವು:
ದತ್ತಿಯ ಬಗ್ಗೆ. ಹಣವನ್ನು ಒಬ್ಬರ ಫೋನ್‌ಪೇಗೆ ಹಾಕಿಸಬೇಡಿ, ಅವರ ಮನೆ ಖರ್ಚಿನ ಜೊತೆ ಕಲೆತು ಲೆಕ್ಕ ಹದಗೆಡುತ್ತದೆ. ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆ ತೆಗೆಯಿರಿ, ತಿಂಗಳಿಗೊಮ್ಮೆ ಪಾಸ್‌ಬುಕ್ಕಿನ ಫೋಟೊ ಗುಂಪಿಗೆ ಬರಲಿ. ಕೊಟ್ಟವರ ಹೆಸರು ಅಕಾರಾದಿಯಲ್ಲಿ ಹಾಕಿ, ಮೊತ್ತ ಹಾಕಬೇಡಿ. ನೂರು ರೂಪಾಯಿ ಕೊಟ್ಟವರು ತಲೆ ತಗ್ಗಿಸುವಂತಾಗಬಾರದು.

60,000 ಮುದ್ದತಿ ಠೇವಣಿ ಇಟ್ಟರೆ ಶೇ 6.5ರ ಬಡ್ಡಿಗೆ ವರ್ಷಕ್ಕೆ 3,900 ಬರುತ್ತದೆ. 3,000 ಬಹುಮಾನಕ್ಕೆ ಕೊಟ್ಟು 900 ಅಸಲಿಗೆ ಸೇರಿಸಿ. ಪೂರ್ತಿ ಬಡ್ಡಿ ಹಂಚುತ್ತಾ ಹೋದರೆ, ಬೆಲೆ ಏರಿದಂತೆ ಹತ್ತು ವರ್ಷದಲ್ಲಿ ಬಹುಮಾನದ ಬೆಲೆ ಬಹಳ ಇಳಿಯುತ್ತದೆ. ಇಂಥ ದತ್ತಿಗಳು ನಿಲ್ಲುವುದು ಹಣದ ಕೊರತೆಯಿಂದಲ್ಲ. ಮುಖ್ಯಗುರುಗಳು ವರ್ಗವಾಗುತ್ತಾರೆ, ಠೇವಣಿ ರಸೀದಿ ಕಪಾಟಿನ ತಳ ಸೇರುತ್ತದೆ, ಹೊಸಬರ ಸಹಿ ಬ್ಯಾಂಕಿನಲ್ಲಿ ಬದಲಾಗಿರುವುದಿಲ್ಲ. ಅದಕ್ಕೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ಅಸಲು ಮುಟ್ಟಬಾರದು, ಅರ್ಹರು ಸಿಗದಿದ್ದರೆ ಹಣ ಏನಾಗಬೇಕು, ಶಾಲೆ ಬೇರೆಯದರಲ್ಲಿ ವಿಲೀನವಾದರೆ ಏನು ಎಂಬುದನ್ನೆಲ್ಲ ಬರೆಸಿ. ಒಂದೊಂದು ಪ್ರತಿ ಶಾಲೆಗೆ, ಬ್ಯಾಂಕಿಗೆ, ಮನೆಯವರಿಗೆ, ಬ್ಯಾಚಿಗೆ.

ಯಾರಿಗೆ ಕೊಡಬೇಕು? "ಗಣಿತದಲ್ಲಿ ಅತಿ ಹೆಚ್ಚು ಅಂಕ" ಅಂದರೆ ಉಳಿದೆಲ್ಲ ಬಹುಮಾನ ಪಡೆಯುವ ಮಗುವಿಗೇ ಇದೂ ಹೋಗುತ್ತದೆ. ನಿಮ್ಮ ಗೆಳತಿ ಹೇಳಿಕೊಟ್ಟದ್ದು ಹಿಂದೆ ಬಿದ್ದವರಿಗೆ. ಎಂಟನೆಯ ತರಗತಿಯಿಂದ ಹತ್ತರವರೆಗೆ ಗಣಿತದಲ್ಲಿ ಹೆಚ್ಚು ಮೇಲೆ ಬಂದ ವಿದ್ಯಾರ್ಥಿನಿಗೆ ಕೊಡಿ, ವಾರ್ಷಿಕ ಪರೀಕ್ಷೆಯ ಅಂಕಗಳು ಶಾಲೆಯಲ್ಲೇ ಇರುತ್ತವೆ. ಆಗಸ್ಟ್ 15ರವರೆಗೆ ಕಾಯದೆ ಪಿಯುಸಿಗೆ ಹೆಸರು ಹಚ್ಚುವ ಹೊತ್ತಿಗೇ ಹಣ ಕೈಸೇರಲಿ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಪುಸ್ತಕ, ಯೂನಿಫಾರ್ಮ್, ಪ್ರವೇಶ ಶುಲ್ಕ ಎಲ್ಲ ಒಮ್ಮೆಲೇ ಮೈಮೇಲೆ ಬರುತ್ತವೆ. ಎಷ್ಟೋ ಮನೆಗಳಲ್ಲಿ ಹುಡುಗಿಯ ಓದು ನಿಲ್ಲುವುದು ಆ ಹದಿನೈದು ದಿನಗಳಲ್ಲೇ.

ಉಳಿಪೆಟ್ಟು:
ಕಲ್ಲು ಹಾಕಿಸುವುದಾದರೆ ಒಂದೂವರೆ ಅಡಿಗೆ ಎರಡು ಅಡಿ ಸಾಕು. ಅಕ್ಷರ ಆಳವಾಗಿ ಕೊರೆಸಿ. ಬರೀ ಬಣ್ಣದ್ದು ನಮ್ಮ ಬಿಸಿಲಿಗೆ ಬೇಗ ಮಾಸುತ್ತದೆ. ದೊಡ್ಡ ತಪ್ಪು ಆಗುವುದು ಫಾಂಟಿನಲ್ಲಿ. ಮೊಬೈಲಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಸಾಲನ್ನು ಅಂಗಡಿಯವರು ಹಳೇ 'ನುಡಿ' ತಂತ್ರಾಂಶದ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ಕಲ್ಲಿನಷ್ಟೇ ಅಳತೆಯ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಮನೆಯವರಿಗೆ ಓದಿಸಿ ಸಹಿ ಹಾಕಿಸಿಕೊಂಡ ಮೇಲೆ ಕೊರೆಯಲು ಬಿಡಿ. ಸುಣ್ಣದ ಗೋಡೆಗೆ ಬರೀ ಅಂಟು ಹಚ್ಚಿದರೆ ಸುಣ್ಣದ ಸಮೇತ ಉದುರುತ್ತದೆ. ಗಿಲಾವು ಕೆತ್ತಿ, ನಾಲ್ಕು ಮೂಲೆಗೂ ಸ್ಕ್ರೂ ಬೀಳಲಿ.

ಬೇವಿನ ಗಿಡ:
ಉಪಕಾರ ಆಯ್ತು. ಬೇವಿನ ಗಿಡ ಇನ್ನೂ ಇದೆ. ಗೋಡೆಯ ಕಲ್ಲಿನ ಬದಲು ಅದರ ಸುತ್ತ ಕಟ್ಟೆ ಕಟ್ಟಿಸೋಣ ಅಂತ ಕೆಲವರು. ಅಲ್ಲಿನ ನೆಲ ಎರೆಮಣ್ಣು, ಅಂದರೆ ಕಪ್ಪು ಮಣ್ಣು. ನಡೆಯುತ್ತದೆಯೇ?

ಉಳಿಪೆಟ್ಟು:
ಎರೆಯಲ್ಲಿ ಕಟ್ಟೆ ಬೇಡ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ, ಮೇಲೆ ಗಿಡವೂ ನೀರೆಳೆಯುತ್ತದೆ, ಎರಡು ಮೂರು ವರ್ಷದಲ್ಲಿ ಸೀಳುತ್ತದೆ. ಬುನಾದಿ ಆಳ ತೋಡಿದರೆ ಬೇರು ಕಡಿಯುತ್ತದೆ. ಬೊಡ್ಡೆಗೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ.

ಕಲ್ಲಿನ ಬೆಂಚು ಇಡಿಸಿ. ಐದು ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೂರು ಇಂಚು ದಪ್ಪದ ಗ್ರಾನೈಟ್ ಚಪ್ಪಡಿ, ತೂಕ ಸುಮಾರು 140 ಕೆಜಿ. ಇಳಕಲ್ಲಿನ ಕೆಂಪು ಕಲ್ಲು ನಿಮಗೆ ಹತ್ತಿರವೇ. ಕಾಲುಗಲ್ಲು ಬರುವಲ್ಲಿ ಮಾತ್ರ, ದೊಡ್ಡ ಬೇರು ತಪ್ಪಿಸಿ, ಒಂದೂವರೆ ಅಡಿ ಎರೆ ತೆಗೆದು ಗರಸು (ಕಲ್ಲುಮಣ್ಣು) ತುಂಬಿ, ಅರ್ಧರ್ಧ ಅಡಿಗೆ ನೀರು ಹಾಕಿ ಬಡಿದು ಧಮ್ಮಸು ಮಾಡಿ. ಎತ್ತರ ಒಂದೂಕಾಲು ಅಡಿ ಇದ್ದರೆ ಹೈಸ್ಕೂಲ್ ಮಕ್ಕಳ ಕಾಲು ನೆಲಕ್ಕೆ ತಾಗುತ್ತದೆ. ವಾಲಿದರೆ ಎತ್ತಿ ಮತ್ತೆ ಗರಸು ಹಾಕಿ ಕೂಡಿಸಬಹುದು. ಹೆಸರನ್ನು ಚಪ್ಪಡಿಯ ಮುಂದಿನ ಅಂಚಿನಲ್ಲಿ ಕೊರೆಸಿ; ಮೇಲೆ ಕೊರೆಸಿದರೆ ಅದರ ಮೇಲೇ ಕೂಡಬೇಕಾಗುತ್ತದೆ, ಮಕ್ಕಳು ಹಿಂಜರಿಯುತ್ತಾರೆ. ಎದುರಿಗೆ ಎರಡು ಹಾಸುಗಲ್ಲು ಹಾಕಿಸಿ, ಲೆಕ್ಕ ಬಿಡಿಸುವುದಕ್ಕೆ.